ಬಾರಿ ಗಿಡದ ಕವಲು

ನಮ್ಮ ಹೊಲದ ಬದುವಿನ ಮೇಲೆ ಒಂದು ಬಾರಿ ಗಿಡವಿತ್ತು. ಹಣ್ಣು ಹುಳಿ, ಒಳಗೆ ಬರೀ ಬೀಜ. ತಿನ್ನಲು ಯಾರೂ ಆಸೆಪಡುತ್ತಿರಲಿಲ್ಲ. ಆದರೂ ಮುತ್ಯಾ ಆ ಗಿಡಕ್ಕೆ ಯಾರಿಗೂ ಕೊಡಲಿ ತಾಗಿಸಲು ಬಿಡುತ್ತಿರಲಿಲ್ಲ. ಅದರ ಒಂದು ಟೊಂಗೆ ಪಡುವಣಕ್ಕೆ ಆಳೆತ್ತರ ಚಾಚಿ, ತುದಿಯಲ್ಲಿ ಮೂರಾಗಿ ಒಡೆದಿತ್ತು. ಮೂರೂ ಕೂಡುವ ಬುಡಕ್ಕೆ ಮುತ್ಯಾ ತನ್ನ ಹಳೇ ರುಮಾಲಿನ ಕೆಂಪು ಚೂರೊಂದನ್ನು ಕಟ್ಟಿದ್ದ. ದನ ಕಾಯುವ ಹುಡುಗರಿಗೆ, ಒಲೆಗೆ ಕಟ್ಟಿಗೆ ಆಯುವ ಹೆಣ್ಣುಮಕ್ಕಳಿಗೆ ಅದರ ಅರ್ಥ ಗೊತ್ತಿತ್ತು. ಅದನ್ನು ಕಡಿಯಬಾರದು, ಅದು ಮೇವು ಎತ್ತುವ ಕವಲಗೋಲು ಆಗಲಿಕ್ಕೆ ನಿಂತದ್ದು. ಇನ್ನೊಂದು ವರ್ಷ ಬೆಳೆದರೆ ಸಾಕು.

1974ರ ಬನದ ಹುಣ್ಣಿಮೆಯ ಮರುವಾರ ಅದನ್ನು ಕಡಿದವನು ನಾನು. ಆಗ ನನಗೆ ಹತ್ತು ವರ್ಷ.

ನಮ್ಮೂರು ಚೊಳಚಗುಡ್ಡ. ಊರ ಹೆಸರು ಹೇಳಿದರೆ ದೂರದವರಿಗೆ ತಿಳಿಯುವುದಿಲ್ಲ, ಬನಶಂಕರಿ ಎಂದರೆ ತಿಳಿಯುತ್ತದೆ. ಬಾದಾಮಿಯಿಂದ ಐದು ಕಿಲೋಮೀಟರ್ ದೂರದ ತಾಯಿಯ ಗುಡಿ ಇರುವುದು ನಮ್ಮೂರ ನೆಲದಲ್ಲೇ. ಈಗ ಕಾಣುವ ಗುಡಿ 1750ರಲ್ಲಿ ಮರಾಠಾ ಸರದಾರ ಪರಶುರಾಮ ಆಗಳೆ ಕಟ್ಟಿಸಿದ್ದು. ಎದುರಿಗೆ ದೊಡ್ಡ ಹೊಂಡ, ಅದರ ಸುತ್ತ ಕಲ್ಲಿನ ಸಾಲುಮಂಟಪ. ಊರಿನ ಒಂದು ಕಡೆ ಕೆಂಪು ಕಲ್ಲಿನ ಗುಡ್ಡ, ಇನ್ನೊಂದು ಕಡೆ ಮಲಪ್ರಭಾ ಹೊಳೆ. ನೀರು ಸಿಗುವಲ್ಲಿ ಎಲೆಬಳ್ಳಿ, ತೆಂಗು, ಬಾಳೆ. ನೀರಿಲ್ಲದ ಕಡೆ ಮಸಾರಿ ಹೊಲ, ಎರಿ ಹೊಲ. ನಮ್ಮದು ಎರಿ, ನಾಲ್ಕೂವರೆ ಎಕರೆ. ಮಳೆ ಬಂದರೆ ಬೆಳೆ, ಇಲ್ಲದಿದ್ದರೆ ಬಾಯಿಬಿಟ್ಟ ಬಿರುಕು. ಆ ಬಿರುಕಿನಲ್ಲಿ ನನ್ನ ಕಾಲು ಮೊಣಕಾಲವರೆಗೆ ಇಳಿಯುತ್ತಿತ್ತು.

ಬನಶಂಕರಿಗೆ ಶಾಕಂಬರಿ ಎಂದೂ ಹೆಸರಿದೆ. ಬರ ಬಿದ್ದು ಲೋಕ ಹಸಿದು ಕೂತಾಗ ತನ್ನ ಮೈಯಿಂದಲೇ ಕಾಯಿಪಲ್ಲೆ ಬೆಳೆದು ಉಣ್ಣಿಸಿದಳು ಎಂಬ ಕತೆ ನಮ್ಮ ಸೀಮೆಯ ಮಕ್ಕಳಿಗೆ ಅಕ್ಷರಕ್ಕಿಂತ ಮೊದಲು ಗೊತ್ತಾಗುತ್ತದೆ. ಪುಷ್ಯ ಮಾಸದಲ್ಲಿ ಬನದ ಹುಣ್ಣಿಮೆಯ ತೇರಿಗೆ ಮೊದಲು ಪಲ್ಲೇದ ಹಬ್ಬ. ಅಂದು ತಾಯಿಗೆ 108 ಬಗೆಯ ಪಲ್ಲೆಯ ನೈವೇದ್ಯ. ಮುತ್ಯಾ ಆ ಕತೆಗೆ ತನ್ನದೊಂದು ಮಾತು ಸೇರಿಸುತ್ತಿದ್ದ: “ಮಂದಿಗೆ ಆಕಿ ಪಲ್ಲೆ ಕೊಟ್ಲು. ದನಕ್ಕ ಮೇವು ಕೂಡಿಡೂದು ನಮಗ ಬಿಟ್ಲು.”

ಜಾತ್ರೆಗೆ ಬಂದ ಮಂದಿ ನಾಟಕ ಕಂಪನಿಗಳ ಡೇರೆಗೆ, ಇಳಕಲ್ ಸೀರೆಯ ಅಂಗಡಿಗೆ, ದನದ ಸಂತೆಗೆ ನುಗ್ಗುತ್ತಿದ್ದರು. ನಮ್ಮ ಜಾತ್ರೆಗೆ ಬಾಗಿಲು ಚೌಕಟ್ಟಿನ ವ್ಯಾಪಾರವೆಂದರೆ ದೊಡ್ಡ ಹೆಸರು. ಮನೆ ಕಟ್ಟುವವರು ವರ್ಷವಿಡೀ ಕಾದು ಇಲ್ಲಿಗೇ ಬರುತ್ತಾರೆ. ಸಾಲು ಸಾಲು ಚೌಕಟ್ಟು ಬಯಲಲ್ಲಿ ನಿಂತಿರುವಾಗ ಗೋಡೆಯೇ ಇಲ್ಲದ ಒಂದು ಊರು ಎದ್ದು ನಿಂತಂತೆ ಕಾಣುತ್ತಿತ್ತು. ಆ ಸಾಲಿನ ಆಚೆ ಒಕ್ಕಲುತನದ ಸಾಮಾನು: ರಂಟೆ, ಕುಂಟಿ, ನೊಗ, ಕೂರಿಗೆಯ ಬಟ್ಟಲು, ಬಾರುಕೋಲು, ಹಿಡಿಕೆಗಳ ಕಟ್ಟು. ಇದೇ ಹೊತ್ತಿಗೆ ಹೊಲದಲ್ಲಿ ಬಿಳಿಜೋಳ ಹಾಲುಗಾಳು ಕಟ್ಟಿರುತ್ತದೆ. ಇನ್ನು ತಿಂಗಳೊಪ್ಪತ್ತಿನಲ್ಲಿ ಸುಗ್ಗಿ. ಹಾಗಾಗಿ ಒಕ್ಕಲಿಗನಿಗೆ ತಾಯಿಯ ದರ್ಶನದಷ್ಟೇ ಅಗತ್ಯ ಈ ಕಟ್ಟಿಗೆ ಸಾಮಾನಿನ ದರ್ಶನ. ಮುತ್ಯಾ ಪ್ರತಿ ಕೋಲನ್ನೂ ಎತ್ತಿ, ಒಂದು ಕಣ್ಣು ಮುಚ್ಚಿ ಉದ್ದಕ್ಕೆ ನೋಡಿ, ತುದಿಯನ್ನು ನೆಲಕ್ಕೆ ಕುಟ್ಟಿ ಸದ್ದು ಕೇಳಿ, ಇದ್ದಲ್ಲೇ ಇಡುತ್ತಿದ್ದ. ನೊಗ ಕೊಂಡದ್ದು ನೋಡಿದ್ದೇನೆ, ಕುಂಟಿಯ ದಿಂಡು ಕೊಂಡದ್ದು ನೋಡಿದ್ದೇನೆ. ಕವಲಗೋಲು ಮಾತ್ರ ಎಂದೂ ಕೊಳ್ಳಲಿಲ್ಲ. “ಅದು ಕೈಗೆ ತಕ್ಕಂಗ ಬೆಳೀಬೇಕು,” ಎನ್ನುತ್ತಿದ್ದ.

ಮುತ್ಯಾ ಎಡಚ. ಊಟ ಒಂದನ್ನು ಬಿಟ್ಟರೆ ಎಲ್ಲ ಕೆಲಸಕ್ಕೂ ಎಡಗೈ ಮುಂದು. ಮೇವನ್ನು ಎತ್ತಿ ಹಾಕುವಾಗ ಒಂದು ಕೈ ಕೋಲಿನ ಕೆಳಗೆ, ಕವಲಿನ ಹತ್ತಿರ ಇರುತ್ತದೆ. ಇನ್ನೊಂದು ತುದಿಯಲ್ಲಿ. ಕೆಳಗಿನ ಕೈ ಯಾವುದೋ ಆ ಕಡೆಗೆ ಕೋಲು ತುಸು ಬಾಗಿದ್ದರೆ ಎತ್ತುವಾಗ ಮೊಣಕಾಲಿಗೆ ತಾಗುವುದಿಲ್ಲ, ಸೊಂಟ ಸಲೀಸಾಗಿ ತಿರುಗುತ್ತದೆ. ಊರಲ್ಲಿ ಬೇರೆಯವರ ಕೋಲುಗಳೆಲ್ಲ ಬಲಕ್ಕೆ ಬಾಗಿದವು, ಅಥವಾ ನೆಟ್ಟಗಿನವು. ಬದುವಿನ ಮೇಲಿನ ಆ ಟೊಂಗೆ ಎಡಕ್ಕೆ ಬಾಗಿತ್ತು. ಅಂಥದ್ದು ಹುಡುಕಿದರೆ ಸಿಗುವಂಥದ್ದಲ್ಲ. ಇದು ನನಗೆ ಆಗ ಗೊತ್ತಿರಲಿಲ್ಲ.

ಸುಗ್ಗಿಯ ಕೆಲಸದಲ್ಲಿ ಈ ಕೋಲಿಗೆ ಇದ್ದ ಜಾಗ ಹೇಳದೆ ಮುಂದಿನದು ತಿಳಿಯಲಾರದು. ನಮ್ಮ ಕಡೆ ಬಿಳಿಜೋಳವನ್ನು ಕೊಯ್ಯುವುದಿಲ್ಲ, ಕೀಳುತ್ತಾರೆ. ಆಳಿಗಿಂತ ಎತ್ತರದ ದಂಟನ್ನು ಎರಡೂ ಕೈಯಿಂದ ಹಿಡಿದು ಬೇರುಸಹಿತ ಕಿತ್ತು, ಬೇರನ್ನು ಕಾಲಿಗೆ ಬಡಿದು ಮಣ್ಣು ಉದುರಿಸಿ, ಸಾಲಿಗೆ ಮಲಗಿಸಬೇಕು. ಮೂರು ದಿನದಲ್ಲಿ ಅಂಗೈ ಬೊಬ್ಬೆ ಬಂದು ಒಡೆದು ಗಟ್ಟಿಯಾಗುತ್ತಿತ್ತು. ಬಿಸಿಲಿಗೆ ಒಣಗಿದ ಮೇಲೆ ಹೆಣ್ಣಾಳುಗಳು ತೆನೆ ಮುರಿಯುತ್ತಿದ್ದರು. ತೆನೆ ಕಣಕ್ಕೆ, ದಂಟು ಸೂಡಿಗೆ. ಸೂಡು ಕಟ್ಟಿದ ಆ ದಂಟೇ ಕಣಿಕಿ. ಕಾಳು ನಮ್ಮದು, ಕಣಿಕಿ ದನದ್ದು. ಜೋಳದ ಬೆಳೆಯನ್ನು ಮುತ್ಯಾ ಕಾಳಿನಿಂದ ಅಳೆಯುತ್ತಿರಲಿಲ್ಲ. “ಈ ಸಲ ಎಷ್ಟು ಬಣವಿ?” ಎಂಬುದೇ ಅವನ ಪ್ರಶ್ನೆ.

ಕಣದಲ್ಲಿ ತೆನೆ ಹರವಿ ಹಂತಿ ಹೂಡಿದರೆ, ನಡುವಿನ ಮೇಟಿಗೆ ಕಟ್ಟಿದ ಎತ್ತುಗಳು ಸುತ್ತು ತಿರುಗುತ್ತ ತುಳಿಯುತ್ತವೆ, ಕಲ್ಲಿನ ಗುಂಡು ಉರುಳುತ್ತದೆ. ಬೆಳದಿಂಗಳಿದ್ದರೆ ರಾತ್ರಿಯಿಡೀ ಹಂತಿ ಪದ. ಅರ್ಧ ತುಳಿದ ತೆನೆಯನ್ನು ಮೇಲೆ ಕೆಳಗೆ ಮಾಡುವುದು ಕವಲಗೋಲಿನ ಕೆಲಸ. ಸಜ್ಜೆಗೂ ಕಡ್ಲಿಗೂ ತೊಗರಿಗೂ ಹೀಗೇ. ತೂರಿದ ಮೇಲೆ ಹೊಟ್ಟು ಕೂಡಿಸಲು ಮರದ ಹಲ್ಲಿನ ಇನ್ನೊಂದು ಕೋಲಿತ್ತು. ಅಡ್ಡ ಪಟ್ಟಿಗೆ ಎಂಟು ಹಲ್ಲು ಬಡಿದದ್ದು. ನಮ್ಮ ಮನೆಯಲ್ಲಿ ಅದಕ್ಕೆ ಬರೀ ‘ಹಲ್ಲು’ ಎಂದೇ ಹೆಸರು. ಪಟ್ಟಿ ಬೇವಿನದು, ಹಗುರ. ಹಲ್ಲು ಜಾಲಿಯ ಕೆಚ್ಚಿನವು. ಕಾಳು ಗೋರಲು ಹಲಗೆ ಬೇರೆ, ತೊಗರಿ ಬಡಿಯಲು ಬಡಿಗೆ ಬೇರೆ, ಬಣವಿಯ ಒಳಗಿಂದ ಮೇವು ಹಿರಿಯಲು ಕೊಕ್ಕೆಗೋಲು ಬೇರೆ. ಒಂದರ ಕೆಲಸ ಇನ್ನೊಂದರಿಂದ ಮಾಡಿದರೆ ಮುತ್ಯಾಗೆ ಸಿಟ್ಟು ಬರುತ್ತಿತ್ತು.

ಕುಸುಬಿಯ ದಿನ ಮಾತ್ರ ಉಳಿದ ಯಾವುದೂ ಕೆಲಸಕ್ಕೆ ಬಾರದು. ಜೋಳದ ಹೊಲದ ಸುತ್ತ ಎರಡು ಸಾಲು ಕುಸುಬಿ ಬಿತ್ತುವುದು ನಮ್ಮಲ್ಲಿ ರೂಢಿ. ಅದರ ಮುಳ್ಳಿಗೆ ಹೆದರಿ ದನ ಒಳಗೆ ನುಗ್ಗುವುದಿಲ್ಲ. ಬೇಲಿಯಾಗಿ ನಿಂತು ಕಾಯುವ ಅದೇ ಮುಳ್ಳು ರಾಶಿಯ ದಿನ ನಮ್ಮ ಮೈಗೆ ತಿರುಗುತ್ತಿತ್ತು. ಕೈಕಾಲಿಗೆ ಹಳೇ ಬಟ್ಟೆ ಸುತ್ತಿಕೊಂಡು, ಕವಲಗೋಲಿನಿಂದಲೇ ಒತ್ತಿ, ಎತ್ತಿ, ಕಣಕ್ಕೆ ಸಾಗಿಸಬೇಕು. ಒಣಗಿದ ಕುಸುಬಿ ಕೋಲಿನ ಮೇಲೆ ಮೋಡದಂತೆ ಹಗುರ. ಗಾಳಿ ಬೀಸಿದರೆ ಅಷ್ಟೂ ಮುಖಕ್ಕೆ. ಆ ಕೆಲಸದಲ್ಲಿ ಮುತ್ಯಾನ ಎಡಗೈ ಆಟ ನೋಡಬೇಕು. ಬಲಗೈಯವರ ಸಾಲಿಗೆ ಎದುರು ನಿಂತು, ಅವರು ಹಾಕಿದ ಗುಡ್ಡೆಯ ಇನ್ನೊಂದು ಮಗ್ಗುಲಿಗೆ ತಾನು ಹಾಕುತ್ತಿದ್ದ. ಇಬ್ಬರ ಕೋಲೂ ಒಂದಕ್ಕೊಂದು ತಾಗದೆ ಗುಡ್ಡೆ ಎರಡೂ ಕಡೆಯಿಂದ ಸಮನಾಗಿ ಏರುತ್ತಿತ್ತು.

ಕಬ್ಬಿಣದ ಕೋಲು ಆಗಲೇ ಪೇಟೆಯಲ್ಲಿ ಸಿಗುತ್ತಿತ್ತು. ನಮ್ಮ ಓಣಿಯಲ್ಲೂ ಇಬ್ಬರು ತಂದಿದ್ದರು. ಮುತ್ಯಾ ಅದನ್ನು ಬೇಡ ಎನ್ನುತ್ತಿದ್ದುದು ಹಳೆಯದರ ಮೋಹಕ್ಕಲ್ಲ, ಅದಕ್ಕೆ ಲೆಕ್ಕವಿತ್ತು. ಕಬ್ಬಿಣದ ಮೊನೆ ದಂಟಿನೊಳಗೆ ಚುಚ್ಚಿ ಕೂತುಬಿಡುತ್ತದೆ, ಝಾಡಿಸಿದರೂ ಬಿಡುವುದಿಲ್ಲ. ಮರದ ಬೆರಳು ದಂಟಿನ ಅಡಿಗೆ ಜಾರುತ್ತದೆ, ಅಷ್ಟೇ ಸುಲಭವಾಗಿ ಹೊರಗೆ ಬರುತ್ತದೆ. ಎತ್ತಿನ ಕಾಲಿಗೆ ತಾಗಿದರೆ ಗಾಯವಿಲ್ಲ. ಕಣದ ಸಾರಣೆ ಕಿತ್ತುಬರುವುದಿಲ್ಲ. ಎಲ್ಲಕ್ಕಿಂತ ದೊಡ್ಡ ಕಾರಣ ಮೇವಿನದು. ಕಬ್ಬಿಣ ಮುರಿದು ಚೂರು ಹೊಟ್ಟಿನಲ್ಲಿ ಸೇರಿದರೆ, ದನ ನಾಲಗೆಯಿಂದ ಬಾಚಿ ನುಂಗುವ ಪ್ರಾಣಿ, ಆರಿಸಿ ತಿನ್ನುವುದಿಲ್ಲ. ಆ ಚೂರು ಹೊಟ್ಟೆಯಲ್ಲಿ ಕೂತು, ಎದೆಯ ಕಡೆಗೆ ಸರಿದು, ಗುಂಡಿಗೆಯವರೆಗೂ ಚುಚ್ಚಬಹುದು. ದನದ ಡಾಕ್ಟರರು ಇವತ್ತಿಗೂ ಈ ರೋಗಕ್ಕೆ ಹೆದರುತ್ತಾರೆ, ಕೆಲವರು ದನದ ಹೊಟ್ಟೆಗೆ ಅಯಸ್ಕಾಂತ ಹಾಕಿ ಕಬ್ಬಿಣವನ್ನು ಅಲ್ಲೇ ಹಿಡಿದಿಡುತ್ತಾರೆ. ಮುತ್ಯಾಗೆ ರೋಗದ ಹೆಸರು ಗೊತ್ತಿರಲಿಲ್ಲ. ಪಕ್ಕದ ಮನೆಯ ಆಕಳೊಂದು ಮೇವು ಬಿಟ್ಟು, ಬೆನ್ನು ಗೂನು ಮಾಡಿಕೊಂಡು, ನರಳಿ ಸತ್ತದ್ದನ್ನು ನೋಡಿದ್ದ. ಕೊಯ್ದಾಗ ಸಿಕ್ಕದ್ದು ಬೆರಳುದ್ದದ ತಂತಿ. “ಕಟಿಗಿ ಮುರದ್ರ ಕಟಿಗಿನ. ಅಗದು ತಿಂತಾವ,” ಎನ್ನುತ್ತಿದ್ದ.

ಮೇವಿನ ಬಗ್ಗೆ ಅವನಿಗಿದ್ದ ಈ ಕಾಳಜಿ ನನಗೆ ಪೂರ್ತಿ ತಿಳಿದದ್ದು 1972ರ ಬರದಲ್ಲಿ. ಆಗ ನಮ್ಮದು ವಿಜಾಪುರ ಜಿಲ್ಲೆ. ಬಾಗಲಕೋಟೆ ಬೇರೆಯಾದದ್ದು 1997ರಲ್ಲಿ. ಹಿಂಗಾರಿ ಮಳೆ ಬರಲಿಲ್ಲ. ಬಿತ್ತಿದ ಜೋಳ ಮೊಣಕಾಲೆತ್ತರಕ್ಕೆ ನಿಂತು ಬಾಡಿತು. ಅದನ್ನೇ ಹಸಿದ ದನಕ್ಕೆ ಹಾಕೋಣವೆಂದರೆ ಹಾಗೂ ಇಲ್ಲ: ನೀರಿಲ್ಲದೆ ಕುಗ್ಗಿದ ಎಳೆ ಜೋಳ ದನಕ್ಕೆ ವಿಷ, ತಿಂದ ಗಳಿಗೆಯಲ್ಲಿ ಹೊಟ್ಟೆ ಉಬ್ಬಿ ಕಾಲು ಚೆಲ್ಲುತ್ತವೆ. ಕಿತ್ತು ಚೆನ್ನಾಗಿ ಒಣಗಿಸಿದರೆ ವಿಷ ಇಳಿಯುತ್ತದೆ. ಆ ಗಿಡ್ಡ ದಂಟನ್ನು ಮುತ್ಯಾ ಹರವಿ, ದಿನಕ್ಕೆರಡು ಸಲ ಕವಲಗೋಲಿನಿಂದ ಮಗುಚಿ ಒಣಗಿಸಿ, ಮುಷ್ಟಿ ಲೆಕ್ಕದಲ್ಲಿ ಹಾಕುತ್ತಿದ್ದ. ಅವ್ವ ಅಪ್ಪ ಬರಗಾಲದ ಕೆಲಸಕ್ಕೆ ರಸ್ತೆಯ ಮೇಲೆ ಕಲ್ಲು ಒಡೆಯಲು ಹೋಗುತ್ತಿದ್ದರು. ನಾನು ಮುತ್ಯಾನ ಸಂಗಡ ಗುಡ್ಡಕ್ಕೆ ಹೋಗುತ್ತಿದ್ದೆ. ಕಲ್ಲಿನ ಸಂದಿಯಲ್ಲಿ ಒಣಗಿ ನಿಂತ ಕರಡ ಹುಲ್ಲನ್ನು ಕುಡಗೋಲಿನಿಂದ ಕೊಯ್ದು ಹೊರೆ ಕಟ್ಟಿ ಇಳಿಸುತ್ತಿದ್ದೆವು. ಒಂದು ದಿನದ ದುಡಿತಕ್ಕೆ ಒಂದು ಹೊರೆ. ಅದು ಒಂದು ಜೋಡಿ ಎತ್ತಿಗೆ ಒಂದು ಹೊತ್ತು. ಬಣವಿ ಇರುತ್ತಿದ್ದ ಜಾಗದಲ್ಲಿ ತಳಕ್ಕೆ ಹಾಸಿದ್ದ ಕಲ್ಲು ಮಾತ್ರ ಉಳಿದಿದ್ದವು. ಸಂಜೆ ದನ ಆ ಕಲ್ಲುಗಳನ್ನು ಮೂಸುತ್ತಿದ್ದವು. ಮಾರ್ಗಶಿರದ ಹೊತ್ತಿಗೆ ಎರಡು ಎತ್ತುಗಳಲ್ಲಿ ಒಂದನ್ನು ಬಂದ ಬೆಲೆಗೆ ಕೊಟ್ಟೆವು. ಹೋಗುವ ಎತ್ತಿನ ಕೊರಳಿಂದ ಹಗ್ಗ ಬಿಚ್ಚಿಟ್ಟುಕೊಂಡು ಮುತ್ಯಾ ಮನೆಯೊಳಗೆ ಹೋದವನು ಮರುದಿನ ಬೆಳಗಿನವರೆಗೆ ಮಾತಾಡಲಿಲ್ಲ.

ಆ ಬರದ ಮರುವರ್ಷವೇ ಬಾರಿ ಗಿಡದ ಟೊಂಗೆಗೆ ಕೆಂಪು ಚೂರು ಬಿದ್ದದ್ದು. ಹಳೆಯ ಕೋಲಿನ ಮೂರು ಬೆರಳಲ್ಲಿ ಒಂದು ಗುಡ್ಡದ ಮೇಲೆ ಮುರಿದಿತ್ತು.

ಈಗ ನನ್ನ ತಪ್ಪಿಗೆ ಬರುತ್ತೇನೆ. 1974ರ ಜಾತ್ರೆಯಲ್ಲಿ ಸೈಕಲ್ ಟ್ಯೂಬಿನಿಂದ ಕತ್ತರಿಸಿದ ರಬ್ಬರ್ ಪಟ್ಟಿ ಮಾರಾಟಕ್ಕೆ ಬಂದಿದ್ದವು. ನನ್ನ ಕೈಗೆ ಬಂದ ಜಾತ್ರೆಯ ದುಡ್ಡೆಲ್ಲ ಅದಕ್ಕೇ ಹೋಯಿತು. ರಬ್ಬರ್ ಬಿಲ್ಲಿಗೆ ಬೇಕಾದದ್ದು ಒಂದು ಒಳ್ಳೆಯ ಕವಲು. ಊರ ಹುಡುಗರ ಕೈಯಲ್ಲಿದ್ದವೆಲ್ಲ ವಕ್ರ, ಒಂದು ಕಾಲು ದಪ್ಪ ಒಂದು ತೆಳ್ಳಗೆ. ಸಮನಾದ ಕವಲು ಎಲ್ಲಿದೆ ಎಂದು ನನಗೊಬ್ಬನಿಗೇ ಗೊತ್ತು ಎಂಬಂತೆ ಹೊಲಕ್ಕೆ ಹೋದೆ. ಮೂರರಲ್ಲಿ ಒಂದನ್ನು ಸವರಿ ಎರಡು ಉಳಿಸಿಕೊಂಡೆ. ಗೇಣುದ್ದದ ಬಿಲ್ಲಿಗಾಗಿ ಆಳೆತ್ತರದ ಟೊಂಗೆ ಬುಡದಿಂದಲೇ ಬಿತ್ತು. ಕೆಂಪು ಚೂರನ್ನು ಮುಳ್ಳಿನ ಕಂಟಿಗೆ ಎಸೆದೆ.

ಆ ರಾತ್ರಿ ಊಟಕ್ಕೆ ಕೂತಾಗ ಮುತ್ಯಾ ರೊಟ್ಟಿ ಮುರಿಯುತ್ತ, ಯಾರ ಮುಖವನ್ನೂ ನೋಡದೆ, “ಬಾರಿ ಗಿಡಕ್ಕ ಯಾರೋ ಕೈ ಹಚ್ಯಾರ,” ಎಂದ. ಅಪ್ಪ ಕುರಿ ಕಾಯುವವರನ್ನು ಬೈದ. ನಾನು ಸುಮ್ಮನೆ ಉಂಡೆ. ಹತ್ತು ವರ್ಷದ ಹುಡುಗನಿಗೂ ಸುಮ್ಮನಿರುವುದು ಎಷ್ಟು ಭಾರ ಎಂಬುದು ಅಂದು ಗೊತ್ತಾಯಿತು. ಮೂರು ದಿನ ಬಿಲ್ಲು ಹೊರಗೆ ತೆಗೆಯಲಿಲ್ಲ. ನಾಲ್ಕನೇ ದಿನ ಕಣ ಮಾಡುವ ಕೆಲಸ ನಡೆದಿತ್ತು. ನೆಲ ಕೆತ್ತಿ, ನೀರು ಚಿಮುಕಿಸಿ, ದನ ಹೊಡೆದು ಗಟ್ಟಿ ಮಾಡಿ, ಸಗಣಿಯಿಂದ ಸಾರಿಸುವುದು. ಮುತ್ಯಾ ಒಬ್ಬನೇ ಇದ್ದ. ಹೋಗಿ ಮುಂದೆ ನಿಂತು ಅಂಗಿಯೊಳಗಿಂದ ಬಿಲ್ಲು ತೆಗೆದು ಕೊಟ್ಟೆ. ಸಗಣಿಯ ಕೈಯನ್ನು ಧೋತರಕ್ಕೆ ಒರೆಸಿಕೊಂಡು ತಗೊಂಡ. ಒಂದು ಕಣ್ಣು ಮುಚ್ಚಿ ಉದ್ದಕ್ಕೆ ನೋಡಿದ, ಜಾತ್ರೆಯಲ್ಲಿ ಕೋಲು ನೋಡುವ ಹಾಗೆಯೇ.

“ಕವಲು ಚಲೋ ಐತಿ,” ಎಂದ. “ಸಣ್ಣದಾತು.”

ಬಿಲ್ಲನ್ನು ನನಗೇ ವಾಪಸು ಕೊಟ್ಟ. ಹೊಡೆಯಲಿಲ್ಲ, ಅಪ್ಪನಿಗೆ ಹೇಳಲಿಲ್ಲ. ಆ ಸುಗ್ಗಿಯನ್ನು ಎರಡು ಬೆರಳಿನ ಹಳೆಯ ಕೋಲಿನಿಂದ ಮಾಡಿದ. ಹೊಟ್ಟು ಎತ್ತಿದಾಗೆಲ್ಲ ಮೂರರಲ್ಲಿ ಒಂದು ಪಾಲು ಕೋಲಿನ ಸಂದಿಯಿಂದ ಜಾರಿ ಕೆಳಗೆ ಬೀಳುತ್ತಿತ್ತು. ಅವನು ಬಗ್ಗಿ ಮತ್ತೆ ಎತ್ತುತ್ತಿದ್ದ. ಬಣವಿ ಒಟ್ಟುವಾಗ ಕೆಳಗಿನಿಂದ ಮೇಲಕ್ಕೆ ಎಸೆಯುವವನು ಅವನು, ಮೇಲೆ ನಿಂತು ಸೂಡಿನ ಬೇರು ಹೊರಗೆ, ತುದಿ ಒಳಗೆ ಮಾಡಿ ಜೋಡಿಸುವವನು ಅಪ್ಪ. ತಲೆಗೆ ಬಂದಂತೆ ಸೂಡಿನ ಇಳಿಜಾರು ಹೊರಗೆ ಇರಬೇಕು, ಇಲ್ಲದಿದ್ದರೆ ಮಳೆ ನೀರು ಒಳಗಿಳಿದು ಬಣವಿ ನಡುವಿನಿಂದ ಕೊಳೆಯುತ್ತದೆ, ಬಿಸಿ ಏರುತ್ತದೆ. ಬೂಸರು ಹಿಡಿದ ಕಣಿಕಿಯನ್ನು ದನ ಮೂಸಿ ಬಿಡುತ್ತದೆ. ಆ ವರ್ಷದ ಬಣವಿ ಸಣ್ಣದಾಗಲಿಲ್ಲ. ಆದರೆ ಸುಗ್ಗಿ ಮುಗಿದ ಮೇಲೆ ಮುತ್ಯಾ ಎರಡು ವಾರ ಸೊಂಟಕ್ಕೆ ಬಿಸಿ ಉಪ್ಪಿನ ಗಂಟು ಕಾಸಿಕೊಂಡ. ಗಂಟು ಕಾಸಿ ಕೊಡುವ ಕೆಲಸ ಯಾರೂ ಹೇಳದೆ ನನ್ನದಾಯಿತು.

ಬಾರಿ ಗಿಡದ ಒಂದು ಗುಣ ನನ್ನನ್ನು ಕಾಪಾಡಿತು. ಅದನ್ನು ಕಡಿದಷ್ಟೂ ಚಿಗುರು ಜೋರಾಗಿ ಬರುತ್ತದೆ. ನಾನು ಕಡಿದ ಬುಡದಿಂದ ಮಳೆಗಾಲದಲ್ಲಿ ನಾಲ್ಕು ಚಿಗುರು ಎದ್ದವು, ಕೋಲಿನ ಹಾಗೆ ನೀಳವಾಗಿ. ಮುತ್ಯಾ ಮೂರನ್ನು ಸವರಿ ಒಂದನ್ನು ಬಿಟ್ಟ. ಮರುವರ್ಷ ಅದರ ತುದಿ ಚಿವುಟಿದ. ತುದಿ ಚಿವುಟಿದರೆ ಕೆಳಗಿನ ಮೊಗ್ಗುಗಳು ಪಕ್ಕಕ್ಕೆ ಒಡೆಯುತ್ತವೆ, ಅವುಗಳಲ್ಲಿ ಮೂರನ್ನು ಉಳಿಸಿಕೊಳ್ಳಬೇಕು. ನಡುವಿನದು ಯಾವಾಗಲೂ ಓಡುವ ಸ್ವಭಾವದ್ದು. ಅದನ್ನು ವರ್ಷಕ್ಕೆರಡು ಸಲ ತುಸು ಮೊಟಕು ಮಾಡಿದರೆ ಪಕ್ಕದ ಎರಡು ಹಿಂದೆ ಬೀಳದೆ ಜತೆಗೆ ಬರುತ್ತವೆ. ಕಾರಹುಣ್ಣಿಮೆ ಆದ ಮೇಲೊಮ್ಮೆ, ದೀಪಾವಳಿ ಆದ ಮೇಲೊಮ್ಮೆ ನನ್ನನ್ನು ಕರೆದೊಯ್ಯುತ್ತಿದ್ದ. ಎರಡನೇ ವರ್ಷದಿಂದ ಕತ್ತಿ ನನ್ನ ಕೈಗೆ ಕೊಟ್ಟ. “ಹಗೂರ್ಕ. ನೀ ಕಡೀಲಿಕ್ಕತ್ತಿಲ್ಲ, ಅದಕ್ಕ ದಾರಿ ತೋರ್ಸಲಿಕ್ಕತ್ತಿ.” ಕಂಟಿಗೆ ನಾನು ಎಸೆದಿದ್ದ ಕೆಂಪು ಚೂರು ಅದೇ ಚಿಗುರಿಗೆ ಬಂದಿತ್ತು. ಅದನ್ನು ಹುಡುಕಿ ತೆಗೆದು, ಒಗೆದು ಇಟ್ಟುಕೊಂಡಿದ್ದ. ಮೂರನೇ ವರ್ಷ ಟೊಂಗೆಗೆ ಪುಂಡಿ ನಾರಿನ ಹಗ್ಗ ಕಟ್ಟಿ, ಹಗ್ಗಕ್ಕೆ ತೆಂಗಿನಕಾಯಿ ಗಾತ್ರದ ಕಲ್ಲು ಇಳಿಬಿಟ್ಟ. ಟೊಂಗೆ ನೆಟ್ಟಗಾಗಲಿ ಎಂದಿರಬೇಕು ಅಂದುಕೊಂಡೆ. ಕೇಳಲಿಲ್ಲ.

1979ರಲ್ಲಿ, ಶಿವರಾತ್ರಿಯ ಮುಂಚಿನ ಕತ್ತಲ ದಿನಗಳಲ್ಲಿ ಕಡಿದೆವು. ಅಮಾವಾಸ್ಯೆ ಹತ್ತಿರ ಕಡಿದ ಕಟ್ಟಿಗೆಗೆ ಹುಳ ಬೀಳುವುದಿಲ್ಲ ಎಂಬ ನಂಬಿಕೆ. ನಂಬಿಕೆಯ ಜತೆ ಉಪಾಯವೂ ಇತ್ತು: ತೊಗಟೆ ಸುಲಿದು ಸರಸ್ವತಿ ಹಳ್ಳದ ಮಡುವಿನಲ್ಲಿ ಕಲ್ಲು ಹೇರಿ ಒಂದು ತಿಂಗಳು ಮುಳುಗಿಸಿಟ್ಟೆವು. ಕಟ್ಟಿಗೆಯೊಳಗಿನ ಸಿಹಿ ನೀರಿಗೆ ಇಳಿದುಹೋದರೆ ಹುಳಕ್ಕೆ ತಿನ್ನಲು ಏನೂ ಉಳಿಯುವುದಿಲ್ಲ. ತೆಗೆದಾಗ ಅದಕ್ಕೆ ಹಳ್ಳದ ಕೆಸರಿನ ವಾಸನೆ, ಬಣ್ಣ ಬೂದಿ. ಆಮೇಲೆ ಕುಳ್ಳಿನ ಕೆಂಡದ ಮೇಲೆ ಹಿಡಿದು, ಬಿಸಿ ಇರುವಾಗಲೇ ಮೂರೂ ಬೆರಳನ್ನು ಮುಂದಕ್ಕೆ ತುಸು ಬಗ್ಗಿಸಿ, ನಡುವೆ ಬೆಣೆ ಕೊಟ್ಟು, ಗೋಡೆಯ ಬುಡದಲ್ಲಿ ಎರಡು ಕಲ್ಲಿನ ಮಧ್ಯೆ ಕಟ್ಟಿಹಾಕಿದ. ನೆರಳಿನಲ್ಲೇ ಒಣಗಬೇಕು. ಬಿಸಿಲಿಗೆ ಇಟ್ಟರೆ ಸೀಳುತ್ತದೆ. ಯುಗಾದಿ ದಾಟಿದ ಮೇಲೆ ಬಡಿಗ್ಯಾರ ಕಾಕಾನ ಹತ್ತಿರ ಒಯ್ದೆವು.

ಬಡಿಗ್ಯಾರ ಕಾಕಾ ನಮ್ಮ ಮನೆಯ ಆಯಗಾರ. ವರ್ಷವಿಡೀ ರಂಟೆ ಕುಂಟಿ ಚಕ್ಕಡಿ ರಿಪೇರಿ ಮಾಡಿದ್ದಕ್ಕೆ ದುಡ್ಡಿಲ್ಲ. ಕಣದಲ್ಲಿ ರಾಶಿಯ ಪೂಜೆ ಆದ ಮೇಲೆ ಅವನ ಪಾಲಿನ ಕಾಳು, ಅವನ ಆಕಳಿಗೆ ಸೂಡು. ಅಳೆಯುವಾಗ ಮೊದಲ ಅಳತೆಗೆ ಒಂದು ಎನ್ನುವುದಿಲ್ಲ, ‘ಲಾಭ’ ಎನ್ನುತ್ತಾರೆ. ಮುತ್ಯಾ ಅವನಿಗೆ ಕೊಡುವ ಸೂಡನ್ನೂ ಹಾಗೆಯೇ ಎಣಿಸುತ್ತಿದ್ದ. ಕಾಕಾ ಬಾಚಿಯಿಂದ ಗಂಟು ಸವರಿದ, ಬೆರಳಿನ ತುದಿ ಮೊಂಡಾಗಿಸಿದ, ಕವಲು ಒಡೆಯುವ ಜಾಗಕ್ಕೆ ಹಸಿ ತೊಗಲಿನ ಪಟ್ಟಿ ಬಿಗಿದ. ಒಣಗಿದಂತೆ ಅದು ತಾನೇ ಬಿಗಿಯಾಗುತ್ತದೆ, ಮೊಳೆ ಬೇಡ. ಕೆಲಸ ಮುಗಿಸಿ, ನೆಲಕ್ಕೆ ಕುಟ್ಟಿ, ಎಡಗೈ ಮುಂದೆ ಮಾಡಿ ಮುತ್ಯಾ ನಿಲ್ಲುವ ಹಾಗೆ ನಿಂತು ನೋಡಿದ. ಕೋಲು ಅವನ ಮೊಣಕಾಲಿಗೆ ತಾಗಿತು.

“ಯಜಮಾನ್ರ, ಇದು ಬಲಗೈದು ಆಗೇತಲ್ಲ. ನಿಮಗ ಬರೂದಿಲ್ಲ.”

“ಗೊತ್ತೈತಿ,” ಎಂದ ಮುತ್ಯಾ.

ನಾನು ಅಲ್ಲೇ ಇದ್ದೆ. ಆ ಕಲ್ಲು ಟೊಂಗೆಯನ್ನು ನೆಟ್ಟಗೆ ಮಾಡಲಿಕ್ಕೆ ತೂಗಿದ್ದಲ್ಲ, ಬಲಕ್ಕೆ ಬಗ್ಗಿಸಲಿಕ್ಕೆ. ಎಡಗೈಗೆ ತಕ್ಕ ಟೊಂಗೆಯನ್ನು ಕಡಿದ ಹುಡುಗನ ಬಲಗೈಗೆ ತಕ್ಕದ್ದನ್ನು ಐದು ವರ್ಷ ಬೆಳೆಸಿದ್ದ. ದಾರಿಯಲ್ಲಿ ಕೋಲನ್ನು ನನ್ನ ಹೆಗಲಿಗೆ ಇಟ್ಟ. ಮನೆಗೆ ಬಂದು ಕುಸುಬಿ ಎಣ್ಣೆ ಕೊಟ್ಟ, ಉಜ್ಜು ಎಂದ. ಕುಸುಬಿ ಎಣ್ಣೆ ಕಟ್ಟಿಗೆಯ ಮೇಲೆ ಅಂಟಂಟಾಗಿ ಉಳಿಯುವುದಿಲ್ಲ, ಒಣಗಿ ತೆಳು ಪೊರೆಯಾಗುತ್ತದೆ. ಮೂರು ದಿನ, ದಿನಕ್ಕೊಮ್ಮೆ ಉಜ್ಜಿದೆ. ಬೂದಿ ಬಣ್ಣದೊಳಗಿಂದ ಕೆಂಪು ಎದ್ದು ಬಂತು. ನನ್ನ ಗಂಟಲಲ್ಲಿ ಏನೋ ಸಿಕ್ಕಿಕೊಂಡಿತ್ತು, ಮಾತು ಹೊರಡಲಿಲ್ಲ. ಅವನಿಗೂ ಅದು ಬೇಕಿರಲಿಲ್ಲ.

ಆ ಕೋಲಿನಿಂದ ನಾನು ಎರಡೇ ಸುಗ್ಗಿ ಮಾಡಿದೆ. ಮುತ್ಯಾ ಎರಡು ಬೆರಳಿನ ಹಳೆಯದರಿಂದಲೇ ನನ್ನ ಎದುರು ನಿಂತು ಮಾಡಿದ. 1981ರ ಮಳೆಗಾಲದಲ್ಲಿ ಅವನು ಹೋದ. ಮರುವರ್ಷ ನಾನು ಓದಲು ಧಾರವಾಡಕ್ಕೆ ಹೋದವನು ಅಲ್ಲೇ ನೌಕರಿ ಹಿಡಿದು ಉಳಿದೆ.

ಆಮೇಲಿನದು ಎಲ್ಲ ಊರಿನ ಕತೆ. ಟ್ರ್ಯಾಕ್ಟರ್ ಬಂತು, ರಾಶಿ ಮಷಿನ್ ಬಂತು. ಕಣ ಮಾಡುವವರಿಲ್ಲ, ಡಾಂಬರು ರಸ್ತೆಯೇ ಕಣ. ಎತ್ತು ಕಡಿಮೆಯಾದಂತೆ ಬಣವಿ ಸಣ್ಣದಾದವು. ಗೋವಿನಜೋಳ, ಸೂರ್ಯಕಾಂತಿ, ಕಬ್ಬು ಬಂದಲ್ಲಿ ಕಣಿಕಿ ಇಲ್ಲ. ಮಷಿನ್ನಿನ ಬಗ್ಗೆ ನನಗೆ ಸಿಟ್ಟಿಲ್ಲ. ಸುಗ್ಗಿ ಮುಗಿದು ಸೊಂಟ ಹಿಡಿದ ಮುತ್ಯಾನಿಗೆ ಉಪ್ಪಿನ ಗಂಟು ಕಾಸಿ ಕೊಟ್ಟವನು ನಾನು. ಆದರೆ ಮಷಿನ್ನಿನಿಂದ ಪುಡಿಯಾಗಿ ಬಂದ ಹೊಟ್ಟಿನಲ್ಲಿ ನಟ್ಟು, ತಂತಿ ಸಿಗುತ್ತವೆ ಎಂದು ನನ್ನ ತಮ್ಮ ಹೇಳಿದಾಗೆಲ್ಲ ಹಳೆಯ ಆಕಳಿನ ಗೂನುಬೆನ್ನು ಕಣ್ಣಮುಂದೆ ಬರುತ್ತದೆ.

ರಾಮನಗರದ ಹತ್ತಿರ ಎಚ್.ಎಲ್. ನಾಗೇಗೌಡರು ಕಟ್ಟಿದ ಜಾನಪದ ಲೋಕಕ್ಕೆ ಹೋದಾಗ ಒಕ್ಕಲುತನದ ಸಾಮಾನುಗಳ ಮುಂದೆ ಬಹಳ ಹೊತ್ತು ನಿಂತಿದ್ದೆ. ಉಳಿಸಿದ್ದಾರಲ್ಲ ಎಂದು ಕೈ ಮುಗಿಯುವಂತಾಯಿತು. ಆದರೂ ನನ್ನ ಕಣ್ಣು ಹುಡುಕುತ್ತಿದ್ದುದು ಬೇರೆ: ಪ್ರತಿ ಹಿಡಿಕೆಯ ಮೇಲೆ ಸವೆದ ಜಾಗ ಎಲ್ಲಿದೆ, ಹಿಡಿದವನ ಯಾವ ಕೈ ಕೆಳಗಿತ್ತು ಎಂಬುದು.

ಎರಡು ವರ್ಷದ ಹಿಂದೆ ಮಗಳು ಕೆಲಸದ ಮೇಲೆ ಫ್ರಾನ್ಸಿಗೆ ಹೋದವಳು ದಕ್ಷಿಣದ ಸೋವ್ ಎಂಬ ಪುಟ್ಟ ಊರಿಗೆ ಹೋಗಿ ಫೋಟೋ ಕಳಿಸಿದಳು. ಆ ಊರು ಮರದ ಹುಲ್ಲುಗೋಲಿಗೆ ಶತಮಾನಗಳಿಂದ ಹೆಸರಾದದ್ದು. ಮಿಕೊಕೂಲಿಯೆ ಎಂಬ ಮರವನ್ನು ತೋಟದಲ್ಲಿ ಬೆಳೆಸಿ, ಚಿಗುರಿನ ತುದಿ ಚಿವುಟಿ, ಪಕ್ಕದ ಮೊಗ್ಗುಗಳನ್ನು ಮೂರು ಬೆರಳಾಗಿ ಬಿಡುತ್ತಾರೆ. ಆರೇಳು ವರ್ಷ ವರ್ಷವೂ ಸವರಿ, ಬಲಿತ ಮೇಲೆ ಕಡಿದು, ಒಲೆಯಲ್ಲಿ ಬಿಸಿ ಮಾಡಿ ಬಗ್ಗಿಸುತ್ತಾರೆ. ಅದಕ್ಕೊಂದು ವಸ್ತುಸಂಗ್ರಹಾಲಯವಿದೆ, ಹುಲ್ಲುಗೋಲು ಮಾಡುವ ಕೆಲಸ ಈಗಲೂ ನಡೆಯುತ್ತದೆ. ಫೋಟೋದಲ್ಲಿ ಗಿಡದ ಮೇಲೆ ಸಾಲಾಗಿ ನಿಂತ ಕವಲುಗಳನ್ನು ನೋಡಿ ಅರ್ಧ ರಾತ್ರಿಯಲ್ಲಿ ಎದ್ದು ಕೂತೆ. ಮುತ್ಯಾ ಬಾದಾಮಿ ದಾಟಿದ್ದೇ ಅಪರೂಪ. ಮಲಪ್ರಭೆಯ ದಂಡೆಯ ಒಬ್ಬ ಒಕ್ಕಲಿಗನೂ ಆ ಊರಿನ ತೋಟಗಾರನೂ ಗಿಡದ ಅದೇ ಸ್ವಭಾವವನ್ನು ನೋಡಿ ಅದೇ ಉಪಾಯ ಕಂಡುಕೊಂಡಿದ್ದರು. ಮಗಳಿಗೆ ಫೋನು ಮಾಡಿ, ಅಲ್ಲಿ ಎಡಗೈಯವರಿಗೆ ಬೇರೆ ಮಾಡುತ್ತಾರೇನು ಕೇಳು ಎಂದೆ. ಅವಳಿಗೆ ನನ್ನ ಪ್ರಶ್ನೆಯ ಬೇರು ತಿಳಿಯಲಿಲ್ಲ. ಆಗ ಈ ಕತೆ ಮೊದಲ ಸಲ ಒಬ್ಬರಿಗೆ ಪೂರ್ತಿ ಹೇಳಿದೆ.

ತಮ್ಮ ಈಗಲೂ ಊರಲ್ಲಿದ್ದಾನೆ. ಎತ್ತಿಲ್ಲ, ಎರಡು ಎಮ್ಮೆ ಇವೆ. 2019ರ ಆಗಸ್ಟ್‌ನಲ್ಲಿ ಮಲಪ್ರಭೆ ಉಕ್ಕಿ ಬಂದಾಗ ಹೊಲದ ತಗ್ಗಿನಲ್ಲಿದ್ದ ಬಣವಿ ನೆನೆದು ಕೊಳೆಯಿತು. ಬದುವಿನ ಮಣ್ಣು ಕೊಚ್ಚಿ ಬಾರಿ ಗಿಡ ಬೇರುಸಹಿತ ಹೋಯಿತು. ಎತ್ತರದಲ್ಲಿದ್ದ ಮನೆಗೆ ಏನೂ ಆಗಲಿಲ್ಲ. ಕೋಲು ದನದ ಮನೆಯ ಗೋಡೆಗೆ, ಎರಡು ಗೂಟದ ಮೇಲೆ ಇರುತ್ತದೆ. ತೊಗಲಿನ ಪಟ್ಟಿ ಎರಡು ಸಲ ಬದಲಾಗಿದೆ. ನಡುವಿನ ಬೆರಳು ಸವೆದು ಪಕ್ಕದವಕ್ಕಿಂತ ಮೂರು ಬೆರಳಗಲ ಗಿಡ್ಡವಾಗಿದೆ. ನಲವತ್ತು ವರ್ಷ ಶೇಂಗಾ ಹೊಟ್ಟು ಎತ್ತಿ ಎತ್ತಿ, ಗಿಡದ ಮೇಲೆ ನಾವು ಮೊಟಕು ಮಾಡುತ್ತಿದ್ದ ಅದೇ ಬೆರಳು.

ಈ ಬನದ ಹುಣ್ಣಿಮೆಗೆ ಹೋದಾಗ ಸಂಜೆ ತಮ್ಮ ತೇರಿಗೆ ಹೊರಡುವ ಅವಸರದಲ್ಲಿದ್ದ. “ಅಣ್ಣಾ, ಎಮ್ಮಿಗೆ ನೀನ ಹಾಕಿಬಿಡು,” ಎಂದು ಹೋದ. ಕತ್ತಲೆಯಲ್ಲಿ ಗೋಡೆ ತಡವಿ ಕೋಲು ಎತ್ತಿದೆ. ಗೂಟಕ್ಕೆ ತಾಗಿ ಟಕ್ ಎಂದಿತು. ಆ ಸದ್ದಿಗೆ, ಮಲಗಿದ್ದ ಎರಡೂ ಎಮ್ಮೆ ಎದ್ದು ನಿಂತವು.